ಯಾರ ಕೈ ಸೊಟ್ಟ?

"ನನ್ನ ಮೆಷಿನ್ನಿಗೆ ಸ್ಪ್ಯಾನರ್ ಹಾಕೋಕೆ ನಿಂಗೆ ಯಾರೇ ಹೇಳಿದ್ದು?"

ಮರದ ಡಿಪೋದಿಂದ ಬಂದ ಅತ್ತೆ ಕೈಚೀಲವನ್ನೂ ಕೆಳಗಿಡದೆ ಮರಗೆಲಸದ ಶೆಡ್ಡಿನ ಬಾಗಿಲಲ್ಲೇ ಗುಡುಗಿದರು. ಸೊಸೆ, ಹಲಗೆಯ ಅಂಚು ಹೆರೆಯುವ ರಂದಾ ಮೆಷಿನ್ನಿನ ಕೆಳಗಿನಿಂದ ತಲೆ ಹೊರಗೆ ಹಾಕಿದಳು. ಕೂದಲ ತುಂಬ ಮರದ ಹೊಟ್ಟು, ಕೆನ್ನೆಗೆ ಗ್ರೀಸು. ಅತ್ತೆ ಬಂದರೆಂದು ಗಾಬರಿಯೇನೂ ಬೀಳಲಿಲ್ಲ. ಕೊನೆಯ ಬೋಲ್ಟನ್ನು ಬಿಗಿ ಮಾಡಿಯೇ ಎದ್ದಳು.

"ಯಾರೂ ಹೇಳ್ಲಿಲ್ಲ. ಸೋಮವಾರದಿಂದ ಈ ಮೆಷಿನ್ನಿಗೆ ಹೊಸ ಆಳು ಬರ್ತಾನಂತಲ್ಲ, ನಾನು ಮರಳು ಕಾಗದ ಉಜ್ಜುತ್ತಾ ಕೂರ್ಬೇಕಂತಲ್ಲ. ಅದಕ್ಕೆ ಮುಂಚೆ ಒಂದು ವಿಷಯ ನೋಡ್ಬೇಕಿತ್ತು, ನೋಡ್ದೆ."

ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳಿಗಿದ್ದದ್ದು ಒಂದೇ ಬಿರುದು: ಸೊಟ್ಟಗೈ. ಅಪ್ಪನ ಕಾರ್ಖಾನೆಯಲ್ಲಿ ಬಾಗಿಲು, ಕಿಟಕಿ ಮಾಡುತ್ತಲೇ ಬೆಳೆದವಳು. ಇಲ್ಲಿ ಮಾತ್ರ ಅವಳು ಅಂಚು ನೇರ ಮಾಡಿದ ಎರಡು ಹಲಗೆಗಳನ್ನು ಜೋಡಿಸಿದರೆ ನಟ್ಟನಡುವೆ ಬೆಳಕು ತೂರಿ ಬರುತ್ತಿತ್ತು. ಅತ್ತೆ ಮಾಡಿದವು ಒಂದಕ್ಕೊಂದು ಅಂಟಿದಂತೆ ಕೂರುತ್ತಿದ್ದವು. ಸೊಸೆ ಕೆಡಿಸಿದ ಹಲಗೆಯೊಂದಕ್ಕೆ ದಾರ ಕಟ್ಟಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಬಂದ ಗಿರಾಕಿಗಳಿಗೆಲ್ಲ "ನಮ್ಮ ಸೊಸೆ ಕೈಚಳಕ" ಎಂದು ಅತ್ತೆ ತೋರಿಸುತ್ತಿದ್ದರು. ಗಿರಾಕಿಗಳು ನಗುತ್ತಿದ್ದರು. ಗಂಡನೂ ಒಂದೆರಡು ಸಲ ನಕ್ಕಿದ್ದ, ಅದನ್ನು ಅವಳು ಮರೆತಿರಲಿಲ್ಲ.

"ಇಲ್ಲಿ ನೋಡಿ ಅತ್ತೆ." ಮೆಷಿನ್ನಿನ ಎರಡು ಕಬ್ಬಿಣದ ಟೇಬಲ್ಲುಗಳ ಮೇಲೆ, ನಡುವಿನ ಬ್ಲೇಡನ್ನು ದಾಟುವಂತೆ ಅವಳು ಉದ್ದನೆಯ ಉಕ್ಕಿನ ಪಟ್ಟಿಯೊಂದನ್ನು ಇಟ್ಟಳು. "ಆಚೆ ಟೇಬಲ್ಲಿನ ತುದಿ ಜೋತು ಬಿದ್ದಿತ್ತು, ಹಲಗೆ ಅದರ ಮೇಲೆ ವಾಲಿ ನಡುವೆ ಜಾಸ್ತಿ ಹೆರೀತಿತ್ತು. ಕೆಳಗೆ ತಗಡಿನ ಚೂರು ಕೊಟ್ಟು ಎತ್ತಿದೀನಿ. ಈಗ ಎರಡೂ ಒಂದೇ ಮಟ್ಟ."

"ಜೋತು ಬಿದ್ದಿದ್ರೆ ನನ್ನ ಹಲಗೆ ಹೇಗೆ ನೆಟ್ಟಗೆ ಬರ್ತಿತ್ತೇ? ನಿಮ್ಮ ಮಾವ ಹೋದ ಮೇಲೆ ಇದೇ ಮೆಷಿನ್ನಲ್ಲಿ ಕೆಲಸ ಕಲ್ತು ಈ ಮನೆ ಸಾಕಿದೀನಿ. ನಂಗೇ ಪಾಠ ಹೇಳ್ತೀಯಾ?"

"ಪಾಠ ಬೇಡ. ಎರಡು ಹಲಗೆ ಹೊಡೆದು ತೋರ್ಸಿ, ಸಾಕು."

ಮೂಲೆಯಲ್ಲಿದ್ದ ಗಂಡ, "ಅಮ್ಮನ ಹತ್ರ ಯಾಕೆ ಹಟ, ಬಿಡೇ," ಎಂದ.

"ನೀವು ಗೋಂದು ಕಲಸಿ," ಎಂದಳು ಅವಳು. ಅವನು ಕಲಸಿದ.

ಅತ್ತೆ ಸೆರಗು ಬಿಗಿದು ಮೆಷಿನ್ ಶುರು ಮಾಡಿದರು. ಹಲಗೆ ಬ್ಲೇಡನ್ನು ದಾಟುತ್ತಿದ್ದಂತೆ ಅವರ ಎಡಗೈ ಅದರ ಮುಂದಿನ ತುದಿಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿತು. ಜೋತುಬಿದ್ದ ಟೇಬಲ್ಲಿಗೆ ಹಲಗೆ ತಗುಲದಂತೆ ಅಷ್ಟು ವರ್ಷ ಎತ್ತಿ ಎತ್ತಿ ಆ ಕೈಗೆ ಅದೇ ರೂಢಿಯಾಗಿತ್ತು. ಎತ್ತುತ್ತಿದ್ದೇನೆಂಬುದು ಅತ್ತೆಗೇ ಗೊತ್ತಿರಲಿಲ್ಲ. ಎರಡೂ ಹಲಗೆಗಳನ್ನು ಒಂದರ ಅಂಚಿನ ಮೇಲೊಂದು ನಿಲ್ಲಿಸಿದರು. ನಡುವೆ ಮಾತ್ರ ತಗುಲಿ, ಮೇಲಿನದು ತೊಟ್ಟಿಲಿನಂತೆ ತೂಗಿತು.

ಸೊಸೆ ಮೊಳೆಯಲ್ಲಿದ್ದ ತನ್ನ ಹಲಗೆಯನ್ನು ಇಳಿಸಿ, ದಾರ ಬಿಚ್ಚಿ, ಇನ್ನೊಂದು ಹಲಗೆಯ ಜೊತೆಗೆ ಮೆಷಿನ್ನಿಗೆ ಕೊಟ್ಟಳು. ಎರಡನ್ನೂ ಜೋಡಿಸಿ ಕಿಟಕಿಗೆ ಎದುರಾಗಿ ಹಿಡಿದಳು. ಎಲ್ಲೂ ಬೆಳಕು ತೂರಲಿಲ್ಲ. ಅವಳ ಕಣ್ಣು ತುಂಬಿ ಬಂತು, ಸಿಟ್ಟಿಗೋ ಸಂತೋಷಕ್ಕೋ ಅವಳಿಗೇ ತಿಳಿಯಲಿಲ್ಲ.

"ಮೊದಲಿದ್ದ ಹಾಗೇ ಮಾಡು," ಅತ್ತೆ ಹೇಳಿದರು.

"ಮಾಡಲ್ಲ."

"ಸ್ಪ್ಯಾನರ್ ಕೊಡೇ ಇಲ್ಲಿ."

ಸೊಸೆ ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಟೇಬಲ್ಲಿನ ತಪ್ಪಿಗೆ ಇಷ್ಟು ದಿನ ನಾನು ಬೈಸ್ಕೊಂಡೆ ಅತ್ತೆ. ಊರೆಲ್ಲ ನಕ್ಕಿದ್ದೂ ಆಯ್ತು. ಇನ್ನು ಇದು ಹೀಗೇ ಇರುತ್ತೆ. ಬೇಕಿದ್ರೆ ನೀವು ಕೈ ತಿದ್ಕೊಳ್ಳಿ."

ಗಂಡನ ಬ್ರಷ್ಷಿನಿಂದ ಗೋಂದು ತೊಟ್ಟಿಕ್ಕುತ್ತಿತ್ತು. ಅತ್ತೆ ತಮ್ಮ ಎಡಗೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಬಗ್ಗಿ, ನೆಲದಲ್ಲಿ ಬಿದ್ದಿದ್ದ ದಾರವನ್ನು ಎತ್ತಿಕೊಂಡು, ತೂಗಾಡಿದ ತಮ್ಮ ಹಲಗೆಗೆ ಬಿಗಿಯಾಗಿ ಗಂಟು ಹಾಕಿದರು. ಖಾಲಿ ಮೊಳೆಗೆ ಅದನ್ನು ತಾವೇ ನೇತುಹಾಕಿದರು.

"ಆ ಸೋಮವಾರದೋನಿಗೆ ಬರ್ಬೇಡ ಅಂತ ಫೋನ್ ಮಾಡೋ," ಎಂದು ಮಗನಿಗೆ ಹೇಳಿ, ಸೊಸೆಯ ಕಡೆ ತಿರುಗಿದರು. "ಇದು ಇಲ್ಲೇ ಇರ್ಲಿ. ನಾನೇ ಇಳಿಸೋವರೆಗೂ ಯಾರೂ ಮುಟ್ಟಕೂಡ್ದು."

ಹಾಗೆಂದವರೇ ಇನ್ನೊಂದು ಹಲಗೆ ಎತ್ತಿಕೊಂಡು ಮೆಷಿನ್ನಿನ ಮುಂದೆ ಹೋಗಿ ನಿಂತರು.