ಕತ್ತಲೆ ಪೆಟ್ಟಿಗೆ

ಡಿಎನ್‌ಎ ರಿಪೇರಿ ಮಾಡುವ ಜೀನನ್ನೇ ಸುಗಂಧಿ ತನ್ನ ಪ್ರಯೋಗದ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳಿಂದ ಕಿತ್ತುಹಾಕಿದ್ದಳು. ಡಿಎನ್‌ಎ ಕೆಡಿಸುವ ನೇರಳಾತೀತ ಕಿರಣ ತಾಗಿದ ಮೇಲೆ ಅವು ಸಾಯಲೇಬೇಕಿತ್ತು. ಬೆಳಿಗ್ಗೆ ನೋಡಿದರೆ ಸೀಸೆಯ ತುಂಬ ಜೀವಂತವಾಗಿ ಗಿಜಿಗುಡುತ್ತಿದ್ದವು. ಅವಳ ಪಿಎಚ್‌ಡಿ ನೀರುಪಾಲು.

ಪಕ್ಕದ ಮೇಜಿನ ಫ್ಲೇವಿಯಾಳ ಮೇಲೆ ಹರಿಹಾಯ್ದಳು. “ನನ್ನ ಸೀಸೆ ಬದಲಾಯಿಸಿದ್ದು ನೀನೇ!”

“ನಾನು ಮುಟ್ಟಲೇ ಇಲ್ಲ ಮಾರಾಯ್ತಿ. ಬೆಳಕು ಬಿದ್ದಿರಬೇಕು. ಬೆಳಕು ಸಿಕ್ಕಿದರೆ ಅವು ಬೇರೆ ದಾರಿಯಲ್ಲಿ ರಿಪೇರಿ ಮಾಡಿಕೊಳ್ತವೆ, ಗೊತ್ತುಂಟಲ್ಲ?”

“ನನಗೇ ಪಾಠ ಹೇಳ್ತೀಯಾ? ಕಿರಣ ತಾಗಿಸಿದ ಕೂಡಲೇ ಕತ್ತಲೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದೇನೆ.”

“ಹಾಗಾದರೆ ನಾನು ಬದಲಾಯಿಸಿದ್ದಕ್ಕೆ ಸಾಕ್ಷಿ ಎಂತ ಉಂಟು?”

“ಉಂಟು! ನಿನ್ನ ಮೇಲೆ ನನಗೆ ಮೊದಲೇ ಡೌಟಿತ್ತು. ರಾತ್ರಿಯಿಡೀ ವಿಡಿಯೊ ಆಗಿದೆ.”

ಸುಗಂಧಿ ಗೆದ್ದವಳಂತೆ ಪೆಟ್ಟಿಗೆ ತೆರೆದು, ಒಳಗೆ ಬಚ್ಚಿಟ್ಟಿದ್ದ ಮೊಬೈಲನ್ನು ಹೊರತೆಗೆದಳು. ಅದರ ಟಾರ್ಚ್ ಇನ್ನೂ ಉರಿಯುತ್ತಿತ್ತು.