ಮಧ್ಯಾಹ್ನದ ನಿದ್ದೆಪಾಠ

ಊಟ ಬಲ್ಲವನಿಗೆ ನಿದ್ದೆ, ನಿದ್ದೆ ಬಲ್ಲವನಿಗೆ ವಿದ್ಯೆ. ಕಥೆ ನಿಜ, ಬೇಕಿದ್ದರೆ ಬಳಿಗಾರ ಓಣಿಯನ್ನೇ ಕೇಳಿ.

ಗುಡ್ಡದ ಮೇಲಿನ ವಿಶ್ವವಿದ್ಯಾಲಯ ಓಣಿಯವರಿಗೆ ಪಾಠ ಹೇಳುವುದು ಮಧ್ಯಾಹ್ನದ ಕನಸಿನಲ್ಲಿ. ಉಂಡು ಚಾಪೆಗೊರಗಿದರೆ ಎಲ್ಲರೂ ಒಂದೇ ಮೋಡದ ಮೇಲೆ. ಆದರೆ ಪಾಠದಲ್ಲಿ ಬಾಯಿ ಬಿಡುವವರು ಮಾತ್ರ ಓಣಿಯಲ್ಲಿ ಯಾರೂ ಇಲ್ಲ.

"ನಾಳೆನೂ ಯಾರೂ ಮಾತಾಡ್ಲಿಲ್ಲಂದ್ರ ಈ ಕನಸು ಬಂದ್ ಆಗ್ತದ್ರೀ," ಎಂದರು ಅಲ್ಲಿ ನಕ್ಷತ್ರದ ಪಾಠ ಹೇಳುವ ಪ್ರೊಫೆಸರ್ ಹಂಪಣ್ಣವರ.

ಬಳೆ ಮಾರುವ ನೀಲವ್ವನಿಗೆ ಆ ಪಾಠ ನಿಲ್ಲಬಾರದೆಂಬ ಆಸೆ. ಆದರೆ ಸ್ವಂತ ಮುಖದಲ್ಲಿ ಮಾತಾಡಲು ನಾಚಿಕೆ. ಕನಸಲ್ಲವೇ, ಮರುದಿನ ಪ್ರೊಫೆಸರರ ಮುಖವನ್ನೇ ತೊಟ್ಟು, ಅವರಂತೆಯೇ ಕೆಮ್ಮಿ ಪಾಠ ಶುರುಮಾಡಿದಳು. ಅಷ್ಟರಲ್ಲಿ ನಿಜವಾದ ಪ್ರೊಫೆಸರು ಬಂದರು.

"ಯಾಕೋ ತಮ್ಮಾ, ತಡಾ ಮಾಡ್ದಿ? ಹಿಂದ ಕುಂದ್ರು!" ಎಂದಳು.

ಮೋಡವೆಲ್ಲ ನಕ್ಕಿತು. ಪ್ರೊಫೆಸರು ನಕ್ಕ ರಭಸಕ್ಕಂತೂ ಕನಸೇ ಒಡೆದು ಓಣಿಗೆ ಎಚ್ಚರವಾಯಿತು. ಗುಡ್ಡದ ಮೇಲಿಂದ "ಓಣಿ ಮಾತಾಡ್ತೋ!" ಎಂಬ ಪ್ರೊಫೆಸರರ ಕೂಗು, ಅದರ ಹಿಂದೆಯೇ ಮುಗಿಯದ ನಗು ಕೇಳಿಬಂತು.