ಜೇಕು ಎದ್ದ ಮಣ್ಣು

ಜೇಕಿನ ಗಡ್ಡೆಯ ಘಾಟು ಮೂಗಿಗೆ ಬಡಿದರೆ ಈಗಲೂ ಮಧುಗಿರಿಯ ನಮ್ಮ ಹೂವಿನ ತೋಟದ ಆ ಮಧ್ಯಾಹ್ನವೇ ಎದುರಿಗೆ ಬರುತ್ತದೆ.

ಪ್ಲೇಗಿನಲ್ಲಿ ತೀರಿಕೊಂಡ ತಮ್ಮನನ್ನು ಮಲ್ಲಿಗೆ ಸಾಲಿನ ಪಕ್ಕದಲ್ಲೇ ಮಣ್ಣು ಮಾಡಿದ್ದರು. ಮಳೆ ಬಿದ್ದಿದ್ದೇ ತಡ, ಆ ದಿಬ್ಬದ ತುಂಬ ಜೇಕು ಎದ್ದಿತ್ತು. ಅವ್ವ ಕುಕ್ಕರುಗಾಲಲ್ಲಿ ಕೂತು ಬರಿಗೈಯಲ್ಲಿ ಕೀಳುತ್ತಿದ್ದಳು. ಹುಲ್ಲು ಕೈಗೆ ಬರುತ್ತಿತ್ತು, ಗಡ್ಡೆ ಮುರಿದು ಒಳಗೇ ಉಳಿಯುತ್ತಿತ್ತು. ಬೆರಳ ಸಂದಿ ಸೀಳಿ ರಕ್ತ ಜಿನುಗುತ್ತಿದ್ದರೂ ಅವಳು ನಿಲ್ಲಿಸಲಿಲ್ಲ.

ಅಜ್ಜಿ ಗುದ್ದಲಿ ತಂದಳು. “ಮೇಲ್ಮೇಲೆ ಕಿತ್ರೆ ಜೇಕು ಹೋಗಕಿಲ್ಲ ಕಣಮ್ಮ. ಮೊಳ ಆಳ ಅಗೆದು ಗಡ್ಡೆ ಎತ್ತಬೇಕು.”

ಅವ್ವ ದಿಬ್ಬದ ಮೇಲೆ ಅಡ್ಡಲಾಗಿ ಬಿದ್ದಳು. “ಬ್ಯಾಡ ಅತ್ತೆ! ಅವತ್ತಿನ ಅವಸರದಾಗೆ ಮೊಳದಷ್ಟೂ ತೋಡಿರಲಿಲ್ಲ.”

ಅಜ್ಜಿ ಗುದ್ದಲಿಯನ್ನು ಬೇಲಿಯ ಹತ್ತಿರ ಇಟ್ಟು ಬಂದಳು. ಅವ್ವನ ಪಕ್ಕದಲ್ಲಿ ಕೂತು, ತಾನೂ ಹುಲ್ಲಿಗೆ ಕೈ ಹಾಕಿದಳು.